ಕೈಗಾರಿಕಾ ಪ್ರದೇಶ (ಕರ್ನಾಟಕ)

ಕೈಗಾರಿಕಾ ಪ್ರದೇಶ ಎಂದರೆ ಉದ್ದಿಮೆಗಳ ನೆಲೆಗಾಗಿ ರಾಜ್ಯ ಸರ್ಕಾರ ಕಾಯ್ದೆಯ ಪ್ರಕಾರ ಗುರುತಿಸಿ ಅಧಿಸೂಚನೆ ಹೊರಡಿಸಿದ, ರಸ್ತೆ, ನೀರು, ವಿದ್ಯುತ್ ಒದಗಿಸಿ ನಿವೇಶನಗಳಾಗಿ ಹಂಚುವ ಭೂಭಾಗ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆ. ಇದನ್ನು ಜಾರಿಗೆ ತರುವ ಸಂಸ್ಥೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ.

ಬಳಕೆಯಲ್ಲಿ ಒಂದಕ್ಕೊಂದು ಬೆರೆಯುವ ನಾಲ್ಕು ಪದಗಳನ್ನು ಇಲ್ಲಿ ಬೇರೆಬೇರೆ ಅರ್ಥದಲ್ಲಿ ಬಳಸಿದೆ. ‘ಕೈಗಾರಿಕಾ ಪ್ರದೇಶ’ ಮೇಲೆ ಹೇಳಿದ ಅಧಿಸೂಚಿತ ಭೂಭಾಗ. ‘ಕೈಗಾರಿಕಾ ವಸಾಹತು’ ಸಣ್ಣ ಉದ್ದಿಮೆಗಳಿಗೆ ಶೆಡ್‌ಗಳನ್ನೇ ಕಟ್ಟಿ ಕೊಡುವ ಚಿಕ್ಕ ಜಾಗ. ಇದು ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕೆಲಸ. ‘ವಿಶೇಷ ಆರ್ಥಿಕ ವಲಯ’ ಕೇಂದ್ರದ 2005ರ ಕಾಯ್ದೆಯ ಅಡಿಯಲ್ಲಿ ಸುಂಕ ಮತ್ತು ತೆರಿಗೆ ರಿಯಾಯಿತಿ ಪಡೆದ ರಫ್ತು ವಲಯ. ‘ಕೈಗಾರಿಕಾ ಪಟ್ಟಣ’ ತನ್ನದೇ ಸ್ಥಳೀಯ ಆಡಳಿತ ಪಡೆದ ಕೈಗಾರಿಕಾ ಪ್ರದೇಶ. ಒಂದೇ ಜಾಗ ಒಮ್ಮೆಗೇ ಎರಡು ಮೂರು ಹೆಸರಿಗೆ ಒಳಪಟ್ಟಿರಬಹುದು.

ಹಿನ್ನೆಲೆ

ಕಾರ್ಖಾನೆಗಳಿಗೆಂದೇ ನೆಲವನ್ನು ಮೊದಲೇ ಅಣಿಗೊಳಿಸಿ ಕೊಡುವ ಪದ್ಧತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ 1896ರಲ್ಲಿ ಆರಂಭವಾದ ಟ್ರಾಫರ್ಡ್ ಪಾರ್ಕ್ ಮೊದಲ ಮಾದರಿ. ಅದು ಖಾಸಗಿ ಕಂಪನಿಯದು. ಐರ್ಲೆಂಡಿನ ಶಾನನ್‌ನಲ್ಲಿ 1959ರಲ್ಲಿ ಮುಕ್ತ ವಲಯ ಬಂತು. 1965ರಲ್ಲಿ ಗುಜರಾತಿನ ಕಾಂಡ್ಲಾದಲ್ಲಿ ಏಷ್ಯಾದ ಮೊದಲ ರಫ್ತು ಸಂಸ್ಕರಣಾ ವಲಯ ತೆರೆಯಿತು.

ಮೈಸೂರು ಸಂಸ್ಥಾನದಲ್ಲಿ ಉದ್ದಿಮೆ ಬೆಳೆದದ್ದು ಬೇರೆ ಹಾದಿಯಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಂತೆ ಸರ್ಕಾರವೇ ದೊಡ್ಡ ಕಾರ್ಖಾನೆ ಹಾಕಿ, ಅದರ ಸುತ್ತ ಊರು ಕಟ್ಟುತ್ತಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿಗೆ ಬಂದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕೂಡ ತಮ್ಮ ನೌಕರರಿಗೆ ಮನೆ, ಶಾಲೆ, ಆಸ್ಪತ್ರೆಗಳ ಸಮೇತ ಪ್ರತ್ಯೇಕ ಬಡಾವಣೆಗಳನ್ನು ಕಟ್ಟಿಕೊಂಡವು. ಸಣ್ಣ ಉದ್ದಿಮೆದಾರನಿಗೆ ಈ ಅನುಕೂಲ ಇರಲಿಲ್ಲ. ಅವನಿಗಾಗಿ 1950ರ ದಶಕದಲ್ಲಿ ದೇಶದಾದ್ಯಂತ ಕೈಗಾರಿಕಾ ವಸಾಹತು ಕಾರ್ಯಕ್ರಮ ಆರಂಭವಾಯಿತು. ಮೊದಲನೆಯದು 1955ರಲ್ಲಿ ರಾಜ್‌ಕೋಟ್‌ನಲ್ಲಿ ತೆರೆಯಿತು. ಬೆಂಗಳೂರಿನ ರಾಜಾಜಿನಗರದ ವಸಾಹತು ಇದೇ ಕಾರ್ಯಕ್ರಮದ ಫಲ. ವಸಾಹತುಗಳನ್ನು ನೋಡಿಕೊಳ್ಳಲು 1960ರಲ್ಲಿ ಸಣ್ಣ ಕೈಗಾರಿಕೆಗಳ ನಿಗಮ ಸ್ಥಾಪನೆಯಾಯಿತು.

ಕೆಲವು ಎಕರೆಗಳ ವಸಾಹತಿನಿಂದ ಮಧ್ಯಮ ಮತ್ತು ದೊಡ್ಡ ಕಾರ್ಖಾನೆಗಳ ಬೇಡಿಕೆ ತೀರುವಂತಿರಲಿಲ್ಲ. ನೂರಾರು ಎಕರೆಯನ್ನು ಒಟ್ಟಿಗೆ ಪಡೆಯಲು ಮಹಾರಾಷ್ಟ್ರ 1961ರಲ್ಲಿ, ಗುಜರಾತ್ 1962ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದವು. ಆಗ ಮೈಸೂರು ಎಂಬ ಹೆಸರಿದ್ದ ನಮ್ಮ ರಾಜ್ಯ 1966ರಲ್ಲಿ ಅದೇ ದಾರಿ ಹಿಡಿಯಿತು. ಬೆಂಗಳೂರಿನ ಪೀಣ್ಯ ಈ ಕಾಯ್ದೆಯ ಆರಂಭದ ಕಾಲದ ದೊಡ್ಡ ಪ್ರದೇಶ. ಮೆಷಿನ್ ಟೂಲ್, ಎರಕ, ಲೇಪನ, ಸಿದ್ಧ ಉಡುಪುಗಳ ಸಾವಿರಾರು ಸಣ್ಣ ಘಟಕಗಳು ಅಲ್ಲಿ ನೆಲೆಗೊಂಡವು.

ಕಾಯ್ದೆಯ ಚೌಕಟ್ಟು

1966ರ ಕಾಯ್ದೆ ಮೂಲತಃ ಭೂಮಿಯ ಕಾಯ್ದೆ. ಉದ್ದಿಮೆಗೆ ತೆರಿಗೆ ರಿಯಾಯಿತಿ ಕೊಡುವ ಮಾತು ಅದರಲ್ಲಿಲ್ಲ. ಅದು ಕಾಲಕಾಲಕ್ಕೆ ಹೊರಡುವ ಕೈಗಾರಿಕಾ ನೀತಿಗಳ ವಿಷಯ. ಕಾಯ್ದೆ ಮಾಡುವುದು ಮುಖ್ಯವಾಗಿ ಎರಡು ಕೆಲಸ: ಒಂದು ಭೂಭಾಗವನ್ನು ಕೈಗಾರಿಕಾ ಪ್ರದೇಶವೆಂದು ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ, ಅಲ್ಲಿನ ಜಮೀನನ್ನು ಸ್ವಾಧೀನಪಡಿಸಿಕೊಂಡು ಮಂಡಳಿಗೆ ವಹಿಸುವ ವಿಧಾನವನ್ನು ಹೇಳುತ್ತದೆ.

ಘೋಷಣೆಯ ಅಧಿಕಾರ ಕಲಂ 3ರಲ್ಲಿದೆ. ಸ್ವಾಧೀನದ ವಿಧಾನ ಏಳನೆಯ ಅಧ್ಯಾಯದ ಕಲಂ 28ರಲ್ಲಿದೆ. ರೈತರ ನಡುವೆ ‘ಇಪ್ಪತ್ತೆಂಟು ಒಂದು’, ‘ಇಪ್ಪತ್ತೆಂಟು ನಾಲ್ಕು’ ಎಂದೇ ಮಾತು ನಡೆಯುವುದು ಈ ಕಲಂನ ಉಪಕಲಂಗಳ ಕಾರಣದಿಂದ. 28(1) ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ ಅಧಿಸೂಚನೆ.

ಹಳೆಯ 1894ರ ಭೂಸ್ವಾಧೀನ ಕಾಯ್ದೆಯಲ್ಲಿ, ಅಂತಿಮ ಘೋಷಣೆಯಾಗಿ ಎರಡು ವರ್ಷದೊಳಗೆ ಐತೀರ್ಪು (ಪರಿಹಾರ ನಿಗದಿಯ ಆದೇಶ) ಆಗದಿದ್ದರೆ ಸ್ವಾಧೀನವೇ ಬಿದ್ದುಹೋಗುತ್ತಿತ್ತು. ಆ ನಿಯಮ 1966ರ ಕಾಯ್ದೆಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಅಧಿಸೂಚನೆಯಾದ ಜಮೀನು ಹಲವು ವರ್ಷ ಅತ್ತ ರೈತನದೂ ಅಲ್ಲದೆ, ಇತ್ತ ಮಂಡಳಿಯದೂ ಆಗದೆ ಉಳಿಯುವುದುಂಟು.

1990ರ ದಶಕದ ತಿದ್ದುಪಡಿಯಿಂದ ‘ಕೈಗಾರಿಕಾ ಮೂಲಸೌಕರ್ಯ’ವೂ ಕಾಯ್ದೆಯ ವ್ಯಾಪ್ತಿಗೆ ಬಂತು. ಆಮೇಲೆ ಕಾರ್ಖಾನೆಗೆ ಮಾತ್ರವಲ್ಲ, ಮೇಲೆ ಹೇಳಿದ ಕಾರಿಡಾರ್, ದೇವನಹಳ್ಳಿಯ ವಿಮಾನ ನಿಲ್ದಾಣ ಮತ್ತು ಬೆಂಗಳೂರು ಮೆಟ್ರೊ ಮಾರ್ಗಗಳಿಗೂ ಕೆಐಎಡಿಬಿಯ ಮೂಲಕವೇ ಜಮೀನು ಪಡೆಯಲಾಯಿತು.

ರಚನೆಯ ಕ್ರಮ

ಪ್ರದೇಶವೊಂದು ರೂಪುಗೊಳ್ಳುವುದು ಸ್ಥಳ ಆಯ್ಕೆಯಿಂದ. ಹೆದ್ದಾರಿ, ರೈಲು ಮಾರ್ಗ, ನೀರಿನ ಮೂಲ ಮತ್ತು ಸರ್ಕಾರಿ ಜಮೀನಿನ ಲಭ್ಯತೆಯನ್ನು ಮೊದಲು ನೋಡುತ್ತಾರೆ. ಗೋಮಾಳ ಮತ್ತು ಖರಾಬು ಹೆಚ್ಚಿದ್ದಷ್ಟೂ ಖರ್ಚು ಕಡಿಮೆ. ಸರ್ವೆ ನಂಬರುಗಳ ಪಟ್ಟಿ ಸಿದ್ಧವಾದ ಮೇಲೆ ಕಲಂ 3(1), 1(3) ಮತ್ತು 28(1)ರ ಅಧಿಸೂಚನೆಗಳು ಸಾಮಾನ್ಯವಾಗಿ ಜೊತೆಯಾಗಿ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತವೆ.

ರೈತನಿಗೆ ಇದು ಕಣ್ಣಿಗೆ ಬೀಳುವುದು ಪಹಣಿಯಲ್ಲಿ. ನಾಡಕಚೇರಿಯಲ್ಲಿ ಪಹಣಿ ತೆಗೆಸಿದಾಗ ಹಕ್ಕು ಮತ್ತು ಋಣಗಳನ್ನು ಬರೆಯುವ 11ನೇ ಕಾಲಂನಲ್ಲಿ ಕೆಐಎಡಿಬಿ ಸ್ವಾಧೀನದ ಅಧಿಸೂಚನೆಯ ನಮೂದು ಕಾಣುತ್ತದೆ. 9ನೇ ಕಾಲಂನಲ್ಲಿ ಅವನ ಹೆಸರು ಹಾಗೆಯೇ ಇರುತ್ತದೆ, ಹೊಲದಲ್ಲಿ ರಾಗಿಯೋ ದ್ರಾಕ್ಷಿಯೋ ಬೆಳೆಯುತ್ತಲೇ ಇರುತ್ತದೆ. ಆದರೆ ಆ ಒಂದು ಸಾಲು ಬಂದ ಮೇಲೆ ಬ್ಯಾಂಕಿನಲ್ಲಿ ಬೆಳೆ ಸಾಲ ಸಿಗುವುದು, ಮಗಳ ಮದುವೆಗೆಂದು ಎರಡು ಗುಂಟೆ ಮಾರುವುದು, ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಖಾತೆ ಮಾಡಿಸುವುದು ಎಲ್ಲವೂ ಕಷ್ಟವಾಗುತ್ತದೆ.

28(2)ರ ಪ್ರಕಾರ ಪ್ರತಿ ಮಾಲೀಕನಿಗೂ ನೋಟಿಸು ಕೊಟ್ಟು ಆಕ್ಷೇಪಣೆಗೆ 30 ದಿನಗಳ ಅವಕಾಶ ಕೊಡಬೇಕು. ವಿಶೇಷ ಭೂಸ್ವಾಧೀನಾಧಿಕಾರಿ 28(3)ರ ಅಡಿ ವಿಚಾರಣೆ ನಡೆಸಿ ಆದೇಶ ಮಾಡುತ್ತಾರೆ. ಸರ್ಕಾರ ಒಪ್ಪಿದರೆ 28(4)ರ ಅಂತಿಮ ಅಧಿಸೂಚನೆ ಹೊರಡುತ್ತದೆ. ಅದು ಪ್ರಕಟವಾದ ಕ್ಷಣದಿಂದ ಜಮೀನು ಎಲ್ಲ ಋಣಗಳಿಂದ ಮುಕ್ತವಾಗಿ ಸರ್ಕಾರದ್ದಾಗುತ್ತದೆ. ಸ್ವಾಧೀನ ಬಿಟ್ಟುಕೊಡಲು 28(6)ರ ನೋಟಿಸು ಬರುತ್ತದೆ. ಬಿಟ್ಟುಕೊಡದಿದ್ದರೆ ಬಲವಂತವಾಗಿ ಪಡೆಯಲು 28(7) ಅವಕಾಶ ಕೊಡುತ್ತದೆ. ಕೊನೆಗೆ 28(8)ರ ಅಡಿ ಜಮೀನು ಮಂಡಳಿಗೆ ವರ್ಗವಾಗುತ್ತದೆ.

ಪರಿಹಾರ ಎರಡು ಬಗೆಯಲ್ಲಿ ನಿಗದಿಯಾಗುತ್ತದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ದರ ಸಲಹಾ ಸಮಿತಿಯಲ್ಲಿ ರೈತರೊಂದಿಗೆ ಮಾತುಕತೆ ನಡೆಸಿ ಎಕರೆಗೆ ಇಂತಿಷ್ಟು ಎಂದು ಒಪ್ಪಂದಕ್ಕೆ ಬರುವುದು ಒಂದು. ಒಪ್ಪದವರಿಗೆ ಸಾಮಾನ್ಯ ಐತೀರ್ಪು ಮಾಡುವುದು ಇನ್ನೊಂದು. ಅದು ಸಾಲದೆನಿಸಿದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಹಣದ ಬದಲು ಅಭಿವೃದ್ಧಿಪಡಿಸಿದ ಜಮೀನನ್ನೇ ಪಡೆಯುವ ಆಯ್ಕೆಯೂ ಇದೆ: ಬಿಟ್ಟುಕೊಟ್ಟ ಎಕರೆಗೆ 10,781 ಚದರ ಅಡಿ, ಅಂದರೆ ಕಾಲು ಎಕರೆಗೆ ತುಸು ಕಡಿಮೆ.

ಪರಿಹಾರದ ಹಂತದಲ್ಲಿ ಹೆಚ್ಚು ತೊಡಕಾಗುವುದು ಹಕ್ಕಿನ ದಾಖಲೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು 1978ರ ಪರಭಾರೆ ನಿಷೇಧ ಕಾಯ್ದೆಗೆ ಒಳಪಟ್ಟಿರುವುದರಿಂದ, ಅದು ಕೈಬದಲಾಗಿದ್ದರೆ ಮೂಲ ಮಂಜೂರಾತಿದಾರ ಮತ್ತು ಕೊಂಡವನ ನಡುವೆ ವ್ಯಾಜ್ಯ ಹುಟ್ಟುತ್ತದೆ. ಬಗರ್‌ಹುಕುಂ ಸಾಗುವಳಿ ಮಾಡಿ ಸಾಗುವಳಿ ಚೀಟಿಗಾಗಿ ಕಾಯುತ್ತಿರುವವನ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. ಕೂಲಿಗೆ ಬರುವವರು, ಗೋಮಾಳದಲ್ಲಿ ಕುರಿ ಮೇಯಿಸುವವರು ಕಾಯ್ದೆಯ ಲೆಕ್ಕದಲ್ಲಿ ‘ಹಿತಾಸಕ್ತರು’ ಅಲ್ಲ. ಭೂಮಿಯಿಂದ ಬದುಕುವವರಿಗೂ ಭೂಮಿಯ ದಾಖಲೆ ಉಳ್ಳವರಿಗೂ ನಡುವಿನ ಈ ಅಂತರವೇ ಕಾಯ್ದೆಯ ದೊಡ್ಡ ಕೊರತೆ.

ನಿವೇಶನ ಹಂಚಿಕೆ

ಜಮೀನು ಕೈಗೆ ಬಂದ ಮೇಲೆ ಮಂಡಳಿ ನಕ್ಷೆ ತಯಾರಿಸಿ ರಸ್ತೆ, ಚರಂಡಿ, ನೀರಿನ ಕೊಳವೆ, ವಿದ್ಯುತ್ ಉಪಕೇಂದ್ರಗಳನ್ನು ಒದಗಿಸುತ್ತದೆ. ಬ್ಯಾಂಕು, ಅಂಚೆ ಕಚೇರಿ, ಕ್ಯಾಂಟೀನ್, ಆಸ್ಪತ್ರೆ ಮುಂತಾದ ನಾಗರಿಕ ಸೌಲಭ್ಯಗಳಿಗೆ ಜಾಗ ಮೀಸಲಿಡುತ್ತದೆ.

ನಿವೇಶನ ಬೇಕಾದ ಉದ್ದಿಮೆದಾರ ಮೊದಲು ಯೋಜನಾ ವರದಿಯನ್ನು ಏಕಗವಾಕ್ಷಿ ಸಮಿತಿಯ ಮುಂದಿಡಬೇಕು. 2002ರ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯ ಅಡಿಯ ಈ ವ್ಯವಸ್ಥೆಯಲ್ಲಿ 15 ಕೋಟಿ ರೂಪಾಯಿವರೆಗಿನ ಯೋಜನೆ ಜಿಲ್ಲಾ ಸಮಿತಿಗೆ, 500 ಕೋಟಿವರೆಗಿನದು ರಾಜ್ಯ ಸಮಿತಿಗೆ, ಅದಕ್ಕೂ ಮೇಲಿನದು ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಗೆ ಹೋಗುತ್ತದೆ. ಒಪ್ಪಿಗೆ ಸಿಕ್ಕಿದ ಮೇಲೆ ಹಂಚಿಕೆ ಪತ್ರ, ಹಣ ಪಾವತಿ, ಸ್ವಾಧೀನ ಪ್ರಮಾಣಪತ್ರ, ಬಳಿಕ ‘ಲೀಸ್ ಕಂ ಸೇಲ್’ ಕರಾರು. ನಿಗದಿತ ಅವಧಿಯಲ್ಲಿ ಕಾರ್ಖಾನೆ ಕಟ್ಟಿ ಉತ್ಪಾದನೆ ಆರಂಭಿಸಿದರೆ ಮಾತ್ರ ಶುದ್ಧ ಕ್ರಯಪತ್ರ ಸಿಗುತ್ತದೆ. ಇಲ್ಲವಾದರೆ ನಿವೇಶನ ಹಿಂಪಡೆಯುವ ಅಧಿಕಾರ ಮಂಡಳಿಗಿದೆ. ಇದರ ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನೆಗೊಮ್ಮೆ, ಕಾರ್ಯಾಚರಣೆಗೊಮ್ಮೆ ಸಮ್ಮತಿ ಪಡೆಯಬೇಕು.

ಪ್ರಕಾರಗಳು

ಸಾಮಾನ್ಯ ಕೈಗಾರಿಕಾ ಪ್ರದೇಶಗಳೇ ಸಂಖ್ಯೆಯಲ್ಲಿ ಹೆಚ್ಚು. ಬೆಂಗಳೂರಿನ ಸುತ್ತ ಬೊಮ್ಮಸಂದ್ರ, ಜಿಗಣಿ, ದಾಬಸ್‌ಪೇಟೆ, ಬಿಡದಿ, ಕೋಲಾರದ ಕಡೆ ಮಾಲೂರು, ನರಸಾಪುರ, ವೇಮಗಲ್, ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು, ಧಾರವಾಡದ ಬೇಲೂರು, ಮಂಗಳೂರಿನ ಬೈಕಂಪಾಡಿ, ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು–ಬಾಡಿಯಾಳ ಈ ಬಗೆಯವು.

ಒಂದೇ ಬಗೆಯ ಉದ್ದಿಮೆಗೆ ಮೀಸಲಾದ ಪಾರ್ಕ್‌ಗಳು ಎರಡನೆಯ ಬಗೆ. ತುಮಕೂರಿನ ವಸಂತನರಸಾಪುರದಲ್ಲಿ 2014ರಲ್ಲಿ ಉದ್ಘಾಟನೆಯಾದ ಆಹಾರ ಪಾರ್ಕ್, ಅದೇ ಜಿಲ್ಲೆಯ ಮೆಷಿನ್ ಟೂಲ್ ಪಾರ್ಕ್, ದೇವನಹಳ್ಳಿಯ ಏರೊಸ್ಪೇಸ್ ಪಾರ್ಕ್, ಕೊಪ್ಪಳದ ಭಾನಾಪುರದ ಆಟಿಕೆ ಕ್ಲಸ್ಟರ್ ಇದಕ್ಕೆ ಉದಾಹರಣೆ. ಒಂದು ಸರಕಿನ ತಯಾರಕ, ಬಿಡಿಭಾಗ ಪೂರೈಸುವವ, ಪರೀಕ್ಷಾ ಕೇಂದ್ರ ಮೂವರೂ ಒಂದೇ ಬೇಲಿಯೊಳಗೆ ಇರಲಿ ಎಂಬುದು ಇವುಗಳ ಉದ್ದೇಶ.

ಮೂರನೆಯದು ವಿಶೇಷ ಆರ್ಥಿಕ ವಲಯ. 2006ರ ಫೆಬ್ರುವರಿಯಲ್ಲಿ ನಿಯಮಗಳು ಜಾರಿಯಾದ ಮೇಲೆ ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನದ ವಲಯಗಳು ಬೇಗ ಬೆಳೆದವು. ಹಾಸನದ ಜವಳಿ ವಲಯ, ಮಂಗಳೂರಿನ ವಲಯ, ಬೆಳಗಾವಿ ಬಳಿಯ ಹತ್ತರಗಿಯ ನಿಖರ ಎಂಜಿನಿಯರಿಂಗ್ ವಲಯ ಉತ್ಪಾದನೆಯವು. ಮೊದಲ 5 ವರ್ಷ ರಫ್ತಿನ ಲಾಭಕ್ಕೆ ಪೂರ್ಣ, ನಂತರದ 5 ವರ್ಷ ಅರ್ಧದಷ್ಟು ಆದಾಯ ತೆರಿಗೆ ವಿನಾಯಿತಿ ಇತ್ತು. 2020ರ ನಂತರ ಆರಂಭವಾದ ಘಟಕಗಳಿಗೆ ಈ ವಿನಾಯಿತಿ ನಿಂತಿತು. ಬೇಡಿಕೆ ಕುಗ್ಗಿ ಕಟ್ಟಡಗಳು ಖಾಲಿ ಉಳಿದಾಗ, ಐಟಿ ವಲಯಗಳಲ್ಲಿ ಮಹಡಿಯ ಲೆಕ್ಕದಲ್ಲಿ ಜಾಗವನ್ನು ವಲಯದಿಂದ ಹೊರಗಿಡಲು 2023ರ ಡಿಸೆಂಬರ್‌ನಲ್ಲಿ ಕೇಂದ್ರ ಅನುಮತಿ ಕೊಟ್ಟಿತು.

ಸ್ಥಳೀಯ ಸಂಸ್ಥೆಗಳು ಮತ್ತು ತೆರಿಗೆ

ಅಮೆರಿಕದಲ್ಲಿ ಅಭಿವೃದ್ಧಿಗೆ ಗುರುತಿಸುವ ವಲಯವನ್ನು ನಗರಸಭೆಯೇ ರಚಿಸಬಲ್ಲದು. ಅಲ್ಲಿನ ಹಲವು ರಾಜ್ಯಗಳಲ್ಲಿ, ವಲಯ ಘೋಷಣೆಯಾದ ವರ್ಷದ ಆಸ್ತಿ ತೆರಿಗೆಯನ್ನು ಮೂಲವೆಂದು ಹಿಡಿದು, ನಂತರ ಹೆಚ್ಚಾದ ತೆರಿಗೆಯನ್ನು ಅದೇ ವಲಯದ ರಸ್ತೆ, ಚರಂಡಿಗೆ ತೊಡಗಿಸುವ ಪದ್ಧತಿ ಇದೆ. ಕ್ಯಾಲಿಫೋರ್ನಿಯದಲ್ಲಿ 1952ರಲ್ಲಿ ಇದಕ್ಕೆ ಅವಕಾಶವಾಯಿತು. ಶಾಲೆ ಮುಂತಾದ ಸೇವೆಗಳ ಪಾಲು ಕಡಿಮೆಯಾಗುತ್ತದೆಂಬ ಆಕ್ಷೇಪ ಬಲವಾಗಿ, 2012ರಲ್ಲಿ ಆ ರಾಜ್ಯ ಈ ಪದ್ಧತಿ ಬಳಸುತ್ತಿದ್ದ ತನ್ನ ಪುನರಭಿವೃದ್ಧಿ ಸಂಸ್ಥೆಗಳನ್ನು ವಿಸರ್ಜಿಸಿತು.

ಕರ್ನಾಟಕದಲ್ಲಿ ಘೋಷಿಸುವುದು ರಾಜ್ಯ, ಅಭಿವೃದ್ಧಿಪಡಿಸುವುದು ಮಂಡಳಿ. ಗ್ರಾಮ ಪಂಚಾಯಿತಿಯ ಪಾತ್ರ ಆರಂಭವಾಗುವುದು ಕಾರ್ಖಾನೆ ಎದ್ದ ಮೇಲೆ. 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಕಟ್ಟಡ ತೆರಿಗೆ ಪಂಚಾಯಿತಿಗೆ ಸಲ್ಲಬೇಕು. ರಸ್ತೆ ಮತ್ತು ನೀರಿನ ನಿರ್ವಹಣಾ ಶುಲ್ಕ ಮಂಡಳಿಗೆ ಸಲ್ಲಬೇಕು. ಒಂದೇ ಸೇವೆಗೆ ಎರಡು ಕಡೆ ಹಣ ಕಟ್ಟುತ್ತಿದ್ದೇವೆ ಎಂಬುದು ಉದ್ದಿಮೆದಾರರ ದೂರು. ಕಾರ್ಮಿಕರಿಗೆ ಬಾಡಿಗೆ ಮನೆ, ಕುಡಿಯುವ ನೀರು, ಕಸ ವಿಲೇವಾರಿ ಎಲ್ಲ ಹೊರೆಯೂ ಬೇಲಿಯ ಹೊರಗಿನ ಹಳ್ಳಿಯ ಮೇಲೆ ಬೀಳುತ್ತದೆ ಎಂಬುದು ಪಂಚಾಯಿತಿಗಳ ದೂರು. ಎರಡರಲ್ಲೂ ಹುರುಳಿದೆ.

ಈ ಗೊಂದಲಕ್ಕೆ ಸಂವಿಧಾನದಲ್ಲೇ ಒಂದು ದಾರಿ ಇದೆ. 243ಕ್ಯೂ ವಿಧಿಯ ಪರಂತುಕದ ಪ್ರಕಾರ, ಉದ್ದಿಮೆ ಸಂಸ್ಥೆಗಳೇ ಪೌರ ಸೇವೆ ಒದಗಿಸುತ್ತಿರುವ ನಗರ ಪ್ರದೇಶದಲ್ಲಿ ನಗರಸಭೆ ರಚಿಸದೆ ಅದನ್ನು ‘ಕೈಗಾರಿಕಾ ಪಟ್ಟಣ’ವೆಂದು ರಾಜ್ಯಪಾಲರು ಘೋಷಿಸಬಹುದು. ಕರ್ನಾಟಕದಲ್ಲಿ ಇದರ ಪ್ರಮುಖ ಉದಾಹರಣೆ ಎಲೆಕ್ಟ್ರಾನಿಕ್ಸ್ ಸಿಟಿ. 1976ರಲ್ಲಿ ಸ್ಥಾಪನೆಯಾದ ರಾಜ್ಯದ ಎಲೆಕ್ಟ್ರಾನಿಕ್ಸ್ ಅಭಿವೃದ್ಧಿ ನಿಗಮ ಕಿಯೋನಿಕ್ಸ್, ಆರ್. ಕೆ. ಬಾಳಿಗ ಅವರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಇದನ್ನು ಆರಂಭಿಸಿತು. ಹೊಸೂರು ರಸ್ತೆಯ ಆ ಭಾಗ ಆಗ ಊರಿನಿಂದ ದೂರದ ಹೊಲಗದ್ದೆ. ಐಟಿ ಕಂಪನಿಗಳು ಬಂದ ಮೇಲೆ ರಸ್ತೆ, ಕಸ, ಬೀದಿದೀಪಗಳ ನಿರ್ವಹಣೆ ಪಂಚಾಯಿತಿಗಳ ಕೈಮೀರಿತು. ಉದ್ದಿಮೆಗಳ ಸಂಘ ಆ ಕೆಲಸ ಕೈಗೆತ್ತಿಕೊಂಡಿತು. 2013ರಲ್ಲಿ ಸುಮಾರು 900 ಎಕರೆಗೆ ಎಲೆಕ್ಟ್ರಾನಿಕ್ಸ್ ಸಿಟಿ ಕೈಗಾರಿಕಾ ಪಟ್ಟಣ ಪ್ರಾಧಿಕಾರ (ಎಲ್ಸಿಟಾ) ರಚನೆಯಾಯಿತು. ಆಸ್ತಿ ತೆರಿಗೆ ಸಂಗ್ರಹ, ಕಟ್ಟಡ ನಕ್ಷೆಗೆ ಮಂಜೂರಾತಿ ಈಗ ಪ್ರಾಧಿಕಾರದ ಕೆಲಸ. ತೆರಿಗೆಯ ಒಂದು ಪಾಲು ಸುತ್ತಲಿನ ಸ್ಥಳೀಯ ಸಂಸ್ಥೆಗಳಿಗೆ ಹೋಗುತ್ತದೆ. ತೆರಿಗೆಯ ಹಣ ಅಲ್ಲೇ ಖರ್ಚಾಗುವುದರಿಂದ ಸೇವೆ ಸುಧಾರಿಸಿದೆ. ಆದರೆ ಪ್ರಾಧಿಕಾರದ ಸದಸ್ಯರು ನಾಮನಿರ್ದೇಶಿತರು, ಜನರು ಮತ ಹಾಕಿ ಆರಿಸಿದವರಲ್ಲ. ಬೇರೆ ಕೈಗಾರಿಕಾ ಪ್ರದೇಶಗಳ ಸಂಘಗಳು ಇದೇ ಸ್ಥಾನಮಾನ ಕೇಳುತ್ತಿವೆ.

ಪರಿಣಾಮಗಳು

ಕೆಲಸದ ಸ್ಥಳವಾಗಿ ಕೈಗಾರಿಕಾ ಪ್ರದೇಶಗಳು ರಾಜ್ಯದ ಚಹರೆಯನ್ನೇ ಬದಲಿಸಿವೆ. ಐಟಿಐ, ಡಿಪ್ಲೊಮಾ ಮುಗಿಸಿದ ಹಳ್ಳಿಯ ಹುಡುಗರಿಗೆ ಪೀಣ್ಯ ಒಂದು ಪಾಠಶಾಲೆಯಂತೆ ಕೆಲಸ ಮಾಡಿತು. ಲೇತ್ ಹಿಡಿಯಲು ಕಲಿತವರು ಕೆಲವೇ ವರ್ಷಗಳಲ್ಲಿ ಎರಡು ಯಂತ್ರ ಹಾಕಿಕೊಂಡು ಸ್ವಂತ ಶೆಡ್ ತೆರೆಯುವುದು ಅಲ್ಲಿ ಸಾಮಾನ್ಯ ಸಂಗತಿ. ಬಿಡದಿ ಮತ್ತು ನರಸಾಪುರಗಳಲ್ಲಿ ವಾಹನ ತಯಾರಿಕೆ ಬೆಳೆದಿದೆ.

ಸ್ಥಳೀಯರಿಗೆ ಉದ್ಯೋಗದ ಪ್ರಶ್ನೆ ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲಿ ವರದಿ ಕೊಟ್ಟಾಗಿನಿಂದಲೂ ಜೀವಂತವಾಗಿದೆ. ರಿಯಾಯಿತಿ ಪಡೆಯುವ ಉದ್ದಿಮೆಗಳು ಒಟ್ಟು ಉದ್ಯೋಗದ ಶೇ 70ರಷ್ಟನ್ನು, ಡಿ ಗುಂಪಿನ ಎಲ್ಲ ಹುದ್ದೆಗಳನ್ನು ಕನ್ನಡಿಗರಿಗೆ ಕೊಡಬೇಕೆಂದು 2020–25ರ ನೀತಿ ಹೇಳಿತು. ಇದಕ್ಕೆ ಕಾನೂನಿನ ಬಲ ಕೊಡುವ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿತಾದರೂ, ಉದ್ಯಮಿಗಳ ವಿರೋಧದ ನಂತರ ಅದನ್ನು ತಡೆಹಿಡಿಯಲಾಯಿತು.

ಪರಿಸರದ ಹಾನಿ ಕೆಲವೆಡೆ ತೀವ್ರವಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 43 ಕೈಗಾರಿಕಾ ಕ್ಲಸ್ಟರ್‌ಗಳನ್ನು ಅತಿ ಮಲಿನವೆಂದು ಗುರುತಿಸಿದಾಗ ಮಂಗಳೂರು ಮತ್ತು ಭದ್ರಾವತಿ ಆ ಪಟ್ಟಿಯಲ್ಲಿದ್ದವು. ಕೊಳಾರ ಮತ್ತು ಕಡೇಚೂರಿನ ಸುತ್ತಲಿನ ಹಳ್ಳಿಗಳಿಂದ ಔಷಧ ಮತ್ತು ರಾಸಾಯನಿಕ ಘಟಕಗಳ ದುರ್ವಾಸನೆ, ಕೆಟ್ಟ ನೀರಿನ ಬಗ್ಗೆ ದೂರುಗಳು ಬರುತ್ತಲೇ ಇವೆ.

ಪ್ರಾದೇಶಿಕ ಅಸಮತೋಲನ ನೀಗಿಸುವ ಗುರಿ ಪೂರ್ಣವಾಗಿ ಈಡೇರಿಲ್ಲ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಕೈಗಾರಿಕಾ ನೀತಿಯ ಮೂರನೆಯ ವಲಯಕ್ಕೆ ಸೇರಿಸಿ ರಿಯಾಯಿತಿಯಿಂದ ಹೊರಗಿಟ್ಟರೂ ಬಂಡವಾಳ ರಾಜಧಾನಿಯ ಸುತ್ತಲೇ ಸುಳಿಯುತ್ತದೆ. ಕಡೇಚೂರಿನಲ್ಲಿ 3,200 ಎಕರೆಗೂ ಹೆಚ್ಚು ಜಮೀನು ಸ್ವಾಧೀನವಾದರೂ ನಿರೀಕ್ಷಿಸಿದಷ್ಟು ಉದ್ದಿಮೆ ಬರಲಿಲ್ಲ.

ವಿರೋಧ ಮತ್ತು ಹಿಂಪಡೆದ ಸ್ವಾಧೀನಗಳು

2011 ಈ ಇತಿಹಾಸದಲ್ಲಿ ಮುಖ್ಯ ವರ್ಷ. ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ನಡೆದಿದ್ದ ಸ್ವಾಧೀನವನ್ನು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಮತ್ತು ರೈತರ ವಿರೋಧದ ನಂತರ ಸರ್ಕಾರ ಕೈಬಿಟ್ಟಿತು. ಅದೇ ವರ್ಷ ಮಂಗಳೂರು ವಿಶೇಷ ಆರ್ಥಿಕ ವಲಯದ ಎರಡನೆಯ ಹಂತಕ್ಕೆಂದು ಪೆರ್ಮುದೆ, ಕುತ್ತೆತ್ತೂರು, ತೆಂಕ ಎಕ್ಕಾರು ಭಾಗದಲ್ಲಿ ಗುರುತಿಸಿದ್ದ 2,000 ಎಕರೆಗೂ ಹೆಚ್ಚು ಜಮೀನಿನ ಅಧಿಸೂಚನೆ ರದ್ದಾಯಿತು.

ಇತ್ತೀಚಿನದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯದು. ಏರೊಸ್ಪೇಸ್ ಪಾರ್ಕ್ ವಿಸ್ತರಣೆಗೆ 13 ಹಳ್ಳಿಗಳ 1,777 ಎಕರೆ ಪಡೆಯಲು 2022ರಲ್ಲಿ ಕೆಐಎಡಿಬಿ ಮುಂದಾಯಿತು. ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ, ಬೆಂಗಳೂರಿಗೆ ಹಾಲು ಕಳಿಸುವ ನೆಲ ಅದು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನು ಮಾತ್ರ ಪಡೆಯುವುದಾಗಿ ಹೇಳಿದರು.

ಈಗಿನ ಸ್ಥಿತಿ

ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ತುಮಕೂರು ನೋಡ್‌ಗೆ ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಹೊರಬಂದ 2025–30ರ ಕೈಗಾರಿಕಾ ನೀತಿ 7.5 ಲಕ್ಷ ಕೋಟಿ ರೂಪಾಯಿ ಬಂಡವಾಳ ಮತ್ತು 20 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾದ್ದರಿಂದ, ಮಂಡಳಿಯನ್ನು ಕಾಯದೆ ನೇರ ಖರೀದಿಗೆ ಇಳಿಯುವ ಅವಕಾಶವೂ ಉದ್ದಿಮೆಗಳಿಗೆ ಸಿಕ್ಕಿದೆ.

ಭೂಸ್ವಾಧೀನದ ಕೇಂದ್ರ ಕಾಯ್ದೆ 2013ರಲ್ಲಿ ಬದಲಾಗಿ, ಸಾಮಾಜಿಕ ಪರಿಣಾಮದ ಅಧ್ಯಯನ ಮತ್ತು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚನೆಯನ್ನು ಸೇರಿಸಿಕೊಂಡಿತು. 1966ರ ರಾಜ್ಯ ಕಾಯ್ದೆಯ ಕಲಂ 28ರಲ್ಲಿ ಅಂಥ ಅಧ್ಯಯನವಾಗಲಿ, ಗ್ರಾಮಸಭೆಯ ಒಪ್ಪಿಗೆಯಾಗಲಿ ಕಡ್ಡಾಯವಲ್ಲ.